ರೈಜೆನ್ 5 2600 ತಗದು 5600 ಹಾಕಿದ್ರ ಗೇಮ್ ತಡವರಿಸೋದು ನಿಲ್ತೈತೇನ್ರಿ?

ಬೆಟಗೇರಿ ಪ್ಲೇಯರ್, ಗದಗ

ನಮಸ್ಕಾರ್ರಿ. ಪಿಸಿ ವಿವರ ಮೊದಲ ಹೇಳಿಬಿಡ್ತೀನಿ. ಪ್ರೊಸೆಸರ್ ಎಎಂಡಿ ರೈಜೆನ್ 5 2600, ಡಬ್ಬಿಯೊಳಗ ಬಂದ ಕೂಲರ್. ಗಿಗಾಬೈಟ್ ಬಿ450ಎಂ ಡಿಎಸ್3ಎಚ್ ಬೋರ್ಡ್, ಬಯೋಸ್ (ಬೋರ್ಡಿನ ಒಳಗಿನ ಮೂಲ ಸಾಫ್ಟ್‌ವೇರ್) ತಗೊಂಡಾಗಿಂದ ಮುಟ್ಟಿಲ್ಲ. ಡಿಡಿಆರ್4 3200 ರ‍್ಯಾಮ್ 16 ಜಿಬಿ, ಒಂದೇ ಸ್ಟಿಕ್. ಗ್ರಾಫಿಕ್ಸ್ ಕಾರ್ಡ್ ಆರ್‌ಎಕ್ಸ್ 6600. 500 ವ್ಯಾಟ್ ಬ್ರಾಂಜ್ ಪವರ್ ಸಪ್ಲೈ, ಎನ್‌ವಿಎಂಇ ಎಸ್‌ಎಸ್‌ಡಿ, ವಿಂಡೋಸ್ 11, 1080ಪಿ 144 ಹರ್ಟ್ಜ್ ಮಾನಿಟರ್.

ತ್ರಾಸ ಏನಂದ್ರ, ವ್ಯಾಲೊರಂಟ್ ಮತ್ತ ಸಿಎಸ್2ದಾಗ ಸುಮ್ನ ಅಡ್ಡಾಡೂಮುಂದ ಎಫ್‌ಪಿಎಸ್ (ಸೆಕೆಂಡಿಗೆ ಮೂಡೋ ಫ್ರೇಮ್) ಚಲೋ ಇರ್ತೈತಿ. ನಾಕ ಮಂದಿ ಒಮ್ಮೆಲೇ ಎದುರು ಬಂದು ಸ್ಮೋಕ್ ಬಿದ್ದ ಕೂಡ್ಲೇ ಧಡಕ್ಕನ ಬೀಳ್ತೈತಿ. ಆಗ ನೋಡಿದ್ರ ಕಾರ್ಡ್ ಬಳಕೆ ಶೇಕಡಾ 55-60, ಪ್ರೊಸೆಸರ್ ಶೇಕಡಾ 45. ಎರಡೂ ಪೂರ್ತಿ ದುಡಿಯಾಕತ್ತಿಲ್ಲ, ಆದ್ರೂ ತಡವರಿಸೋದ್ಯಾಕ ಅನ್ನೋದು ತಿಳೀವಲ್ದು. ಸೈಬರ್‌ಪಂಕ್ 2077ದಾಗ ಕಾರ್ಡ್ 98ಕ್ಕ ನಿಂತಿರ್ತೈತಿ, ಅಲ್ಲಿ ತಕರಾರಿಲ್ಲ.

ಅಂಗಡ್ಯಾಗ ಕೇಳಿದ್ರ ಬೋರ್ಡ್, ರ‍್ಯಾಮ್ ಎಲ್ಲಾ ತಗದು ಎಎಂಡಿಯ ಹೊಸಾ ಸಾಕೆಟ್ ಎಎಂ5ಕ್ಕ ಹೋಗ್ರಿ ಅಂತಾರ. ನನ್ನ ಕಡೆ ಇರೋದು 15 ಸಾವಿರ. 5500, 5600, 5600ಜಿ, 5700, 5700ಎಕ್ಸ್3ಡಿ ಅಂತ ಹೆಸರು ಭಾಳ ಅದಾವ. ಯಾವುದು ತಗೋಬೇಕು? ಈ ಬೋರ್ಡಿಗೆ ಕೂಡ್ತೈತೇನು? ಮನ್ಯಾಗ ನಾನ ಹಾಕಬಹುದೋ, ಹುಬ್ಬಳ್ಳಿಗೆ ಒಯ್ಯಬೇಕೋ?

ಉಣಕಲ್ ದಂಡಿ, ಹುಬ್ಬಳ್ಳಿ

ಮೊದಲ ಆ 45ರ ಲೆಕ್ಕ ತಿಳ್ಕೋರಿ. 2600ದೊಳಗ 6 ಕೋರ್, 12 ಥ್ರೆಡ್ (ಒಮ್ಮೆಗೆ ನಡಿಯೋ ಕೆಲಸದ ಸಾಲು) ಅದಾವ. ಟಾಸ್ಕ್ ಮ್ಯಾನೇಜರ್ ತೋರಸೋದು 12ರ ಸರಾಸರಿ. ಗೇಮಿನ ಮುಖ್ಯ ಥ್ರೆಡ್ ಒಂದ ಕೋರ್ ಮ್ಯಾಲೆ ಪೂರ್ತಿ ಬಿದ್ದು, ಉಳಿದವು ಅರ್ಧಮರ್ಧ ದುಡಿದ್ರ ಸರಾಸರಿ 45ಕ್ಕ ನಿಲ್ತೈತಿ. ಆ ಒಂದು ಥ್ರೆಡ್ ಮುಂದಿನ ಫ್ರೇಮಿನ ಕೆಲಸ ಕೊಡೋತನಕ ಕಾರ್ಡ್ ಕಾಯಬೇಕು. ಹಂಚು ಕಾದು ಕುಂತೈತಿ, ರೊಟ್ಟಿ ಬಡಿಯೋ ಕೈ ಒಂದ ಐತಿ, ಅಷ್ಟ.

ಖಾತ್ರಿ ಮಾಡ್ಕೊಳ್ಳೋದು ಹೆಂಗಂದ್ರ, ಆಫ್ಟರ್‌ಬರ್ನರ್ ಅನ್ನೋ ಅಳತಿ ಸಾಫ್ಟ್‌ವೇರ್ ಹಾಕ್ರಿ, ಅದರ ಜೋಡಿ ಬರೋ ರಿವಾಟ್ಯೂನರ್ ಇರಲಿ. ಪರದೆ ಮ್ಯಾಲೆ ಕಾರ್ಡ್ ಬಳಕೆ, 12 ಥ್ರೆಡ್‌ಗಳ ಬಳಕೆ ಬ್ಯಾರೆಬ್ಯಾರೆ, ಫ್ರೇಮ್‌ಟೈಮ್ (ಒಂದು ಫ್ರೇಮಿಗೆ ಹಿಡಿಯೋ ಹೊತ್ತು) ಗೆರೆ, ಇಷ್ಟು ಬರೂಹಂಗ ಮಾಡ್ರಿ. ಗೇಮಿನೊಳಗ ಎಫ್‌ಪಿಎಸ್ ಮಿತಿ ಮತ್ತ ವಿ-ಸಿಂಕ್ (ಎಫ್‌ಪಿಎಸ್ ಅನ್ನ ಮಾನಿಟರಿನ ವೇಗಕ್ಕ ಕಟ್ಟೋದು) ಎರಡೂ ಬಂದ್ ಇರಬೇಕು, ಇಲ್ಲಾಂದ್ರ ಅಳತಿ ಸುಳ್ಳಾಗ್ತೈತಿ. ಈಗ ಒಂದ ಜಾಗಾದಾಗ 1080ಪಿ ಆಡ್ರಿ, ಅದ ಜಾಗಾದಾಗ 720ಪಿಗೆ ಇಳಿಸಿ ಆಡ್ರಿ. ಎಫ್‌ಪಿಎಸ್ ಹೆಚ್ಚಾತು ಅಂದ್ರ ಕಾರ್ಡ್ ಅಡ್ಡಿ ಇತ್ತು. ಹಂಗ ಇದ್ದಲ್ಲೇ ಇತ್ತು ಅಂದ್ರ ಪ್ರೊಸೆಸರ್ ಇಲ್ಲಾ ರ‍್ಯಾಮ್. ನಿಮ್ಮ ವ್ಯಾಲೊರಂಟ್ ಎರಡನೇ ಜಾತಿ, ಸೈಬರ್‌ಪಂಕ್ ಮೊದಲನೇ ಜಾತಿ. ಅದರಾಗ ಪ್ರೊಸೆಸರ್ ಬದಲಿಸಿದ್ರ ಸರಾಸರಿ ಅಷ್ಟೇನೂ ಏರೂದಿಲ್ಲ, ಮಂದಿ ತುಂಬಿದ ಓಣಿಯೊಳಗ ಜಗ್ಗಾಡೋದು ಕಡಿಮಿ ಆಗ್ತೈತಿ.

ರೊಕ್ಕ ಬಿಚ್ಚೂಕಿಂತ ಮೊದಲ ಪುಕ್ಕಟ ಕೆಲಸ ಮೂರು ಅದಾವ.

ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಾಗ ಮೆಮೊರಿ ಒತ್ತಿ ಸ್ಪೀಡ್ ಎಷ್ಟೈತಿ ನೋಡ್ರಿ. ಸ್ಟಿಕ್ ಮ್ಯಾಲೆ 3200 ಅಂತ ಬರೆದಿದ್ರೂ ಬಯೋಸ್‌ನ್ಯಾಗ ಎಕ್ಸ್‌ಎಂಪಿ (ಸ್ಟಿಕ್ಕಿನ ಪೂರ್ತಿ ವೇಗದ ಸೆಟ್ಟಿಂಗ್) ಆನ್ ಮಾಡಿಲ್ಲಂದ್ರ ಅದು 2133, 2400 ಇಲ್ಲಾ 2666ಕ್ಕ ಓಡ್ತೈತಿ. 2600ಕ್ಕ ಇದು ಜೋರ ಪೆಟ್ಟು. ಯಾಕಂದ್ರ ಅದರ 6 ಕೋರ್ ಮೂರು-ಮೂರಾಗಿ ಎರಡು ಗುಂಪು, ಒಂದೊಂದು ಗುಂಪಿಗೆ 8 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ). ಒಂದು ಗುಂಪಿನ ಡೇಟಾ ಇನ್ನೊಂದಕ್ಕ ಬೇಕಾದ್ರ ಇನ್ಫಿನಿಟಿ ಫ್ಯಾಬ್ರಿಕ್ ದಾಟಿ ಬರಬೇಕು, ಆ ಫ್ಯಾಬ್ರಿಕ್ ಓಡೋದು ರ‍್ಯಾಮ್ ಗಡಿಯಾರದ ವೇಗಕ್ಕ. ರ‍್ಯಾಮ್ ನಿಧಾನ ಆದ್ರ ಪ್ರೊಸೆಸರಿನ ಒಳಗಿನ ರಸ್ತೇನೂ ನಿಧಾನ. 2600ಕ್ಕ ಎಎಂಡಿ ಹೇಳಿದ ಮಿತಿ 2933. 3200 ಸಾಮಾನ್ಯವಾಗಿ ಓಡ್ತೈತಿ, ಬೂಟ್ ಆಗಲಿಲ್ಲಂದ್ರ 2933ಕ್ಕ ಇಳಿಸ್ರಿ.

ಎರಡನೇದು ಬಯೋಸ್. ಹಳೇ ಬಯೋಸ್ ಮತ್ತ ವಿಂಡೋಸ್ 11 ಕೂಡಿದಲ್ಲಿ ಎಫ್‌ಟಿಪಿಎಂ (ಪ್ರೊಸೆಸರಿನೊಳಗ ಭದ್ರತಾ ಕೀ ಇಡೋ ಭಾಗ) ಕಾರಣಕ್ಕ ಆಗೊಮ್ಮೆ ಈಗೊಮ್ಮೆ ಇಡೀ ಪಿಸಿ, ಧ್ವನಿ ಸುದ್ದಾ, ಒಂದೆರಡು ಸೆಕೆಂಡ್ ತಡವರಿಸ್ತೈತಿ. ಎಎಂಡಿ 2022ರ ಮಾರ್ಚ್‌ದಾಗ ಇದನ್ನ ಒಪ್ಪಿಕೊಂಡು ಅಜೀಸಾ (ಬಯೋಸ್ ಒಳಗಿನ ಎಎಂಡಿ ಕೋಡ್) 1.2.0.7ದಾಗ ಸರಿ ಮಾಡೈತಿ. ಎಫ್‌ಪಿಎಸ್ ಬೀಳೋದು ಬ್ಯಾರೆ, ಇದು ಬ್ಯಾರೆ. ನಿಮ್ಮಲ್ಲಿ ಎರಡೂ ಇರಬಹುದು.

ಮೂರನೇದು ಮಂದಿಗೆ ಗೊತ್ತಿಲ್ಲ. ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಶನ್‌ದಾಗ ಮೆಮೊರಿ ಇಂಟೆಗ್ರಿಟಿ ಅಂತ ಒಂದು ರಕ್ಷಣಾ ಸೆಟ್ಟಿಂಗ್ ಐತಿ. ಅದಕ್ಕ ಬೇಕಾದ ಹಾರ್ಡ್‌ವೇರ್ ನೆರವು ಎಎಂಡಿಯ ಝೆನ್ 2 ಪೀಳಿಗೆಯಿಂದ ಬಂತು. 2600 ಅದಕ್ಕೂ ಹಿಂದಿನ ಝೆನ್+, ಹಂಗಾಗಿ ಆ ಕೆಲಸಾನೂ ಸಾಫ್ಟ್‌ವೇರ್ ಮ್ಯಾಲೆ ಬಿದ್ದು ಪ್ರೊಸೆಸರ್ ಇನ್ನಷ್ಟು ಬಳಲ್ತೈತಿ. ಪರೀಕ್ಷೆಗಂತ ಬಂದ್ ಮಾಡಿ ನೋಡ್ರಿ, 5600 ಹಾಕಿದ ಮ್ಯಾಲೆ ಹೊಳ್ಳಿ ಆನ್ ಮಾಡ್ರಿ, ಅದು ಇರಬೇಕಾದ್ದೇ.

ಬೆಟಗೇರಿ ಪ್ಲೇಯರ್

ಸ್ಪೀಡ್ 2400 ತೋರಸಾಕತ್ತೈತ್ರಿ! 720ಪಿಗೆ ಇಳಿಸಿದ್ರ ವ್ಯಾಲೊರಂಟ್ ಎಫ್‌ಪಿಎಸ್ ಇದ್ದಲ್ಲೇ ಇತ್ತು, ಒಂದು ಥ್ರೆಡ್ 95ರ ಮ್ಯಾಲೆ. ಹಂಗಾದ್ರ ಯಾವ ಪ್ರೊಸೆಸರ್?

ಸಾಧನಕೇರಿ, ಧಾರವಾಡ

5600. ಎಕ್ಸ್ ಇಲ್ಲ, ಜಿ ಇಲ್ಲ, ಬರೇ 5600. ಯಾಕ ಅಂತ ಹೇಳ್ತೀನಿ, ಯಾಕಂದ್ರ ಈ ಹೆಸರಿನ ಗೊಂದಲದಾಗ ರೊಕ್ಕ ಕಳಕೊಳ್ಳೋದು ಭಾಳ ಸರಳ ಅದ.

ರೈಜೆನ್ 5000 ಅಂತ ಒಂದ ಹೆಸರಿನ ಕೆಳಗ ಎರಡು ಜಾತಿ ಚಿಪ್ ಅವ. ಒಂದು ಡೆಸ್ಕ್‌ಟಾಪಿಗಂತ ಮಾಡಿದ್ದು: 5600, 5600ಎಕ್ಸ್, 5700ಎಕ್ಸ್, 5800ಎಕ್ಸ್. ಇವಕ್ಕ 32 ಎಂಬಿ ಎಲ್3 ಕ್ಯಾಶ್. ಇನ್ನೊಂದು ಲ್ಯಾಪ್‌ಟಾಪ್ ಚಿಪ್ಪನ್ನ ಡೆಸ್ಕ್‌ಟಾಪ್ ಸಾಕೆಟ್ಟಿಗೆ ತಂದದ್ದು: 5500, 5600ಜಿ, 5600ಜಿಟಿ, ಮತ್ತ ಎಕ್ಸ್ ಇಲ್ಲದ 5700. ಇವಕ್ಕ 16 ಎಂಬಿ ಅಷ್ಟ, ಪಿಸಿಐಇ (ಕಾರ್ಡ್ ಕೂಡೋ ದಾರಿ) ಕೂಡ ಹಳೇ 3.0. ನಿಮ್ಮ ಬಿ450 ಬೋರ್ಡ್ ಹ್ಯಾಂಗಿದ್ರೂ ಪಿಸಿಐಇ 3.0, ಅದರ ಚಿಂತಿ ಬಿಡ್ರಿ. ನಷ್ಟ ಆಗೋದು ಕ್ಯಾಶ್‌ದಾಗ. ಗೇಮಿಗೆ ಬೇಕಾದ ಡೇಟಾ ಕ್ಯಾಶ್‌ದಾಗ ಸಿಗಲಿಲ್ಲ ಅಂದ್ರ ರ‍್ಯಾಮ್‌ತನಕ ಹೋಗಿ ಬರಬೇಕು, ಆ ಹೋಗಿ ಬರೋದರಾಗ ಎಫ್‌ಪಿಎಸ್ ಬೀಳ್ತದ. 5700 ಅನ್ನೋ ಹೆಸರು ಕೇಳಿ 5600ಕ್ಕಿಂತ ದೊಡ್ಡದು ಅಂತ ತಗೊಂಡವರು ಗೇಮ್‌ದಾಗ ಹಿಂದ ಬೀಳ್ತಾರ. ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೆ ಒಳಗ ಗ್ರಾಫಿಕ್ಸ್ ಇರೋ 5600ಜಿ ತಗೊಳ್ಳೋ ಕಾರಣಾನ ಇಲ್ಲ.

5600 ಮತ್ತ 5600ಎಕ್ಸ್ ನಡುವ ಫರಕು ಬೂಸ್ಟ್ ವೇಗದ್ದು, 4.4 ಮತ್ತ 4.6 ಗಿಗಾಹರ್ಟ್ಜ್. ಕೋರ್, ಕ್ಯಾಶ್, ಎಲ್ಲಾ ಅದ. ಒಂದ ರೇಟಿಗೆ ಸಿಕ್ಕರ ಎಕ್ಸ್ ತಗೋರಿ, ಸಾವಿರ ರೂಪಾಯಿ ಹೆಚ್ಚಂದ್ರ ಬಿಡ್ರಿ. 5700ಎಕ್ಸ್‌ದಾಗ 8 ಕೋರ್ ಅವ. ವಿಡಿಯೊ ಎಡಿಟಿಂಗ್, ಸ್ಟ್ರೀಮಿಂಗ್ ಮಾಡ್ತೀರಿ ಅಂದ್ರ ಸರಿ, ಬರೇ ಗೇಮಿಗಂದ್ರ 5600ರ ಹತ್ತಿರಾನ ಇರ್ತದ.

5700ಎಕ್ಸ್3ಡಿ ಬ್ಯಾರೆ ಮಾತು. 96 ಎಂಬಿ ಎಲ್3, ಗೇಮಿಗಂತಾನ ಮಾಡಿದ್ದು. ಆದರ 2024ರಾಗ ಬಂದ ಆ ಚಿಪ್ ಈಗ ಹೊಸದು ಸಿಗೋದು ಕಠಿಣ, ಸಿಕ್ಕರೂ ರೇಟ್ ನಿಮ್ಮ 15 ಸಾವಿರದ ಲೆಕ್ಕದಾಗ ಕೂಡೂದಿಲ್ಲ. ಡಬ್ಬಿಯೊಳಗ ಕೂಲರ್ ಬರೂದಿಲ್ಲ, ಅದಕ್ಕೂ ಬ್ಯಾರೆ ರೊಕ್ಕ. ಆರ್‌ಎಕ್ಸ್ 6600 ಜೋಡಿ ಅದನ್ನ ಹಾಕಿದ್ರ ವ್ಯಾಲೊರಂಟ್, ಸಿಎಸ್2ದಾಗ ಅಷ್ಟ ಫಲ, ಉಳಿದ ದೊಡ್ಡ ಗೇಮ್‌ದಾಗ ಕಾರ್ಡ್ ಮೊದಲ ಸುಸ್ತಾಗ್ತದ.

2600 ಬಂದದ್ದು 2018ರಾಗ, 5600 ಬಂದದ್ದು 2022ರಾಗ. ಝೆನ್ 2ರಿಂದ 5600ರ ಝೆನ್ 3ಕ್ಕ ಪ್ರತಿ ಕ್ಲಾಕಿಗೆ ಶೇಕಡಾ 19 ಹೆಚ್ಚು ಅಂತ ಎಎಂಡಿ ಹೇಳಿತ್ತು, ನಿಮ್ಮದು ಆ ಝೆನ್ 2ಕ್ಕೂ ಹಿಂದಿನದು. ಮ್ಯಾಲಾಗಿ 6 ಕೋರೂ ಒಂದ ಗುಂಪಿನ್ಯಾಗ, 32 ಎಂಬಿ ಎಲ್ಲಾರಿಗೂ ಕೂಡಿ. ಉಣಕಲ್ ಅವರು ಹೇಳಿದ ಆ ಗುಂಪಿನಿಂದ ಗುಂಪಿಗೆ ಓಡಾಟ ಇದರಾಗ ಇಲ್ಲ. ಸರಾಸರಿಗಿಂತ ಶೇಕಡಾ 1 ಲೋ (ಅತಿ ನಿಧಾನದ ಶೇಕಡಾ 1 ಫ್ರೇಮ್‌ಗಳ) ಅಂಕಿಯೊಳಗ ಇದು ಹೆಚ್ಚು ಕಾಣ್ತದ. ಸ್ಮೋಕ್ ಬಿದ್ದಾಗ ಆಗೋ ನಿಮ್ಮ ತ್ರಾಸ ಅದ ಅಂಕಿಯೊಳಗ ಬರ್ತದ.

ರ‍್ಯಾಮ್ ಮಾತು ಮರೀಬ್ಯಾಡ್ರಿ. ಒಂದು ಸ್ಟಿಕ್ ಅಂದ್ರ ಒಂದ ಚಾನೆಲ್, ಎರಡು ಹಾಕಿದ್ರ ಡೇಟಾ ಓಡಾಕ ಎರಡು ದಾರಿ. ನಿಮ್ಮದ ಕಂಪನಿ, ನಿಮ್ಮದ ಮಾಡೆಲ್ ನಂಬರಿನ ಇನ್ನೊಂದು 16 ಜಿಬಿ ಸಿಕ್ಕರ ಹಾಕ್ರಿ. ರ‍್ಯಾಮ್ ರೇಟ್ ಹೆಚ್ಚಿದ್ದು ಎರಡೂ ಬಜೆಟ್‌ದಾಗ ಕೂಡಲಿಲ್ಲ ಅಂದ್ರ ಇರೋ 16ರದು ಕೊಟ್ಟು 8-8ರ ಜೋಡಿ ಕಿಟ್ ತಗೋರಿ. ಕೂಡಸೋದು ಪ್ರೊಸೆಸರಿನಿಂದ ಎಣಿಸಿದ್ರ ಎರಡನೇ ಮತ್ತ ನಾಕನೇ ಸ್ಲಾಟಿನ್ಯಾಗ. ಬ್ಯಾರೆಬ್ಯಾರೆ ಕಂಪನಿ ಸ್ಟಿಕ್ ಬೆರೆಸಿದ್ರ ನಿಧಾನದ್ದರ ವೇಗಕ್ಕ ಎರಡೂ ಇಳೀತಾವ, ಕೆಲವೊಮ್ಮೆ 3200ಕ್ಕ ನಿಲ್ಲೂದ ಇಲ್ಲ.

ಹಾವೇರಿ ಯಾಲಕ್ಕಿ

ನಾ ಒಪ್ಪೂದಿಲ್ರಿ. ನಿಮ್ಮ ಬೋರ್ಡಿನ ಎಎಂ4 ಮುಗಿದ ಸಾಕೆಟ್. 5600 ಹಾಕಿದ ಮ್ಯಾಲೆ ಮುಂದ ಹೋಗಾಕ ದಾರಿ ಇಲ್ಲ. ಎಎಂ5ಕ್ಕ 2027ರತನಕ ಬೆಂಬಲ ಕೊಡ್ತೀನಿ ಅಂತ ಎಎಂಡಿ ಹೇಳೈತಿ. ಆರು ತಿಂಗಳ ತಡೆದು 7600, ಬಿ650 ಬೋರ್ಡ್, ಡಿಡಿಆರ್5 ತಗೊಂಡ್ರ ಮುಂದ ಪ್ರೊಸೆಸರ್ ಒಂದ ಬದಲಿಸಿದ್ರ ಸಾಕು. ಅಂಗಡಿಯವರು ಹೇಳಿದ್ದು ಪೂರಾ ತಪ್ಪಲ್ಲ.

ಉಣಕಲ್ ದಂಡಿ

ಹೊಸಾ ಪಿಸಿ ಕಟ್ಟೋರಿಗೆ ನಿಮ್ಮ ಮಾತು ಖರೇ. ಇವರ ಕಡೆ ಕಾರ್ಡ್ ಆರ್‌ಎಕ್ಸ್ 6600 ಐತಿ, ಮಾನಿಟರ್ 144 ಹರ್ಟ್ಜ್. 7600 ಹಾಕಿ 250 ಎಫ್‌ಪಿಎಸ್ ತಗದ್ರೂ ಮಾನಿಟರ್ ತೋರಸೋದು 144. ಬೋರ್ಡ್, ಡಿಡಿಆರ್5, ಪ್ರೊಸೆಸರ್ ಮೂರಕ್ಕೂ ಹೋಗೋ ರೊಕ್ಕದಾಗ ಇವರು 5600 ಹಾಕ್ಕೊಂಡು, ಉಳಿದದ್ದನ್ನ ಕೂಡಿಟ್ಟು ಮುಂದ ದೊಡ್ಡ ಕಾರ್ಡ್ ತಗೋಬಹುದು. ಎಎಂ5ಕ್ಕ ಹೋಗೋ ದಿನ ಆ ಕಾರ್ಡ್ ಜೋಡಿ ಹೋಗ್ತೈತಿ. ಇಂಟೆಲ್ 12400ಎಫ್ ಬಗ್ಗೆ ಯಾರರ ಕೇಳೂದಕ್ಕ ಮೊದಲ ಹೇಳ್ತೀನಿ, ಚಿಪ್ ಚಲೋ, ಡಿಡಿಆರ್4 ಬೋರ್ಡೂ ಸಿಗ್ತಾವ, ಆದ್ರ ಬೋರ್ಡ್ ಬದಲಿಸಬೇಕು. ಇದ್ದ ಬೋರ್ಡಿನ್ಯಾಗ ಕೂಡೋ ಚಿಪ್ ಇರೂಮುಂದ ಆ ಖರ್ಚು ಯಾಕ?

ಗೋಕುಲ ರೋಡ್ ಬೆಂಚ್, ಹುಬ್ಬಳ್ಳಿ

ಯಾವುದು ತಗೋಬೇಕು ಅನ್ನೋದು ಮುಗೀತು, ಹಾಕೋದು ಹೇಗೆ ಅಂತ ನಾನು ಬರೀತೀನಿ. ಮನೇಲೇ ಆಗುವ ಕೆಲಸ, ಒಂದು ಸ್ಕ್ರೂಡ್ರೈವರ್ ಸಾಕು. ಆದರೆ ಕ್ರಮ ತಪ್ಪಬಾರದು. ಅಂಗಡಿಗೆ ವಾಪಸ್ ಬರುವ ಪಿಸಿಗಳೆಲ್ಲ ಕ್ರಮ ತಪ್ಪಿದ್ದೇ.

ಖರೀದಿ ಮಾಡುವಾಗ ಡಬ್ಬಿ ಸಮೇತ ಇರುವುದೇ ತಗೊಳ್ಳಿ. ಎಎಂಡಿಯ 3 ವರ್ಷದ ವಾರಂಟಿ ಇರುವುದು ಡಬ್ಬಿ ಪ್ರೊಸೆಸರಿಗೆ. ಟ್ರೇ ಅಂತ ಬಿಡಿಯಾಗಿ ಮಾರುವುದಕ್ಕೆ ಮಾರಿದವರೇ ವಾರಂಟಿ ಕೊಡಬೇಕು, ಬಿಲ್ ಮೇಲೆ ಬರೆಸಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೆ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಪಿನ್ ಸಾಲು ನೋಡಿ. ಎಎಂ4ರಲ್ಲಿ 1331 ಪಿನ್, ಎಲ್ಲ ಪ್ರೊಸೆಸರಿನ ಹೊಟ್ಟೆಯಲ್ಲೇ ಇರ್ತವೆ. ಸಾಲು ನೇರ ಇದ್ದರೆ ಎಲ್ಲ ದಿಕ್ಕಿನಿಂದಲೂ ಗೆರೆ ಎಳೆದ ಹಾಗೆ ಕಾಣುತ್ತೆ, ಒಂದು ಸೊಟ್ಟ ಆಗಿದ್ದರೂ ಆ ಸಾಲಿನಲ್ಲಿ ಮಿಂಚು ಬೇರೆ ಕಡೆ ಬೀಳುತ್ತೆ. 0.5 ಮಿ.ಮೀ. ಪೆನ್ಸಿಲಿನ ಕಡ್ಡಿ ತೆಗೆದು, ಆ ಖಾಲಿ ಮೂತಿಯಿಂದ ನಿಧಾನಕ್ಕೆ ನೇರ ಮಾಡಬಹುದು. ಮುರಿದಿದ್ದರೆ ಮುಟ್ಟಬೇಡಿ, ವಾಪಸ್ ಕೊಡಿ.

ಬಯೋಸ್ ಮೊದಲು, ಪ್ರೊಸೆಸರ್ ಆಮೇಲೆ. ನಿಮ್ಮ ಬೋರ್ಡಿನ ಹಳೇ ಬಯೋಸಿಗೆ 5600 ಯಾವುದು ಅಂತಲೇ ಗೊತ್ತಿಲ್ಲ, ಹಾಕಿದರೆ ಫ್ಯಾನ್ ತಿರುಗುತ್ತೆ, ಪರದೆ ಕಪ್ಪು. ಹೀಗಾಗಿ 2600 ಬೋರ್ಡ್ ಮೇಲೆ ಇದ್ದಾಗಲೇ ಅಪ್ಡೇಟ್ ಮುಗಿಸಿ. ಬೋರ್ಡ್ ಮೇಲೆ ಅಚ್ಚಾಗಿರುವ ಪೂರ್ತಿ ಹೆಸರು, ರಿವಿಷನ್ ನೋಡಿಕೊಳ್ಳಿ. ಡಿಎಸ್3ಎಚ್ ಬೇರೆ, ಡಿಎಸ್3ಎಚ್ ವಿ2 ಬೇರೆ. ಅದರದೇ ಪುಟದಿಂದ ಅಜೀಸಾ 1.2.0.7 ಅಥವಾ ಅದಕ್ಕಿಂತ ಹೊಸ ಆವೃತ್ತಿ ಇಳಿಸಿಕೊಳ್ಳಿ. ಪ್ರತಿ ಆವೃತ್ತಿಯ ಕೆಳಗೆ ಎರಡು ಸಾಲು ಟಿಪ್ಪಣಿ ಇರುತ್ತೆ, ಅದನ್ನು ಓದದೆ ಹಾರಬೇಡಿ. ಬಹಳ ಹಳೇ ಬಯೋಸ್ ಇದ್ದರೆ ಮೊದಲು ನಡುವಿನ ಒಂದು ಆವೃತ್ತಿ ಹಾಕಬೇಕು, ಇಲ್ಲಾ ಇಸಿ ಫರ್ಮ್‌ವೇರ್ ಟೂಲ್ ಓಡಿಸಬೇಕು ಅಂತ ಅಲ್ಲೇ ಬರೆದಿರ್ತಾರೆ.

ಜಿಪ್ ಬಿಚ್ಚಿ, ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿನಲ್ಲಿ ಫೈಲನ್ನು ಯಾವ ಫೋಲ್ಡರ್ ಒಳಗೂ ಇಡದೆ ನೇರ ಹಾಕಿ. ಪಿಸಿ ಶುರುವಾಗುವಾಗ ಎಂಡ್ ಕೀ ಒತ್ತಿದರೆ ಬೋರ್ಡಿನದೇ ಅಪ್ಡೇಟ್ ಟೂಲ್ ಕ್ಯೂ-ಫ್ಲ್ಯಾಶ್ ತೆರೆಯುತ್ತೆ, ಅಲ್ಲಿ ಆ ಫೈಲ್ ಆರಿಸಿ. ವಿಂಡೋಸ್ ಒಳಗಿಂದ ಬಯೋಸ್ ಅಪ್ಡೇಟ್ ಮಾಡುವ ಆಪ್ ಬೇಡ. ಕರೆಂಟಿನ ವಿಚಾರ: ಅಪ್ಡೇಟ್ ಅರ್ಧಕ್ಕೆ ಇದ್ದಾಗ ಕರೆಂಟ್ ಹೋದರೆ ಬೋರ್ಡ್ ಸತ್ತಂತೆ, ಚಿಪ್ ಪ್ರೋಗ್ರಾಮರ್ ಇದ್ದವರ ಹತ್ತಿರ ಒಯ್ಯಬೇಕು. ಮಳೆ-ಗಾಳಿ ಇರುವ ಸಂಜೆ ಮಾಡಬೇಡಿ, ಯುಪಿಎಸ್ ಮೇಲೆ ಮಾಡಿ. ಮನೆಯ ಇನ್ವರ್ಟರ್ ಆದರೆ ಹಿಂದಿನ ಸ್ವಿಚ್ ಯುಪಿಎಸ್ ಮೋಡಿನಲ್ಲಿ ಇರಲಿ. ನಾರ್ಮಲ್ ಮೋಡಿನಲ್ಲಿ ಲೈನು ಬದಲಾಗುವಷ್ಟರಲ್ಲಿ ಪಿಸಿ ರೀಸ್ಟಾರ್ಟ್ ಆಗಿಬಿಡುತ್ತೆ.

ಅದಕ್ಕಿಂತ ಮೊದಲು ಇನ್ನೊಂದು, ಇದನ್ನೇ ಎಲ್ಲರೂ ಮರೆಯೋದು. ವಿಂಡೋಸ್ 11ರಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಅಥವಾ ಬಿಟ್‌ಲಾಕರ್ (ಡಿಸ್ಕಿಗೆ ಹಾಕುವ ಬೀಗ) ಆನ್ ಇದೆಯೇ ನೋಡಿ. ಅದರ ಬೀಗದ ಕೈ ಇರೋದು ಎಫ್‌ಟಿಪಿಎಂನಲ್ಲಿ, ಎಫ್‌ಟಿಪಿಎಂ ಇರೋದು ಪ್ರೊಸೆಸರಿನಲ್ಲಿ. ಪ್ರೊಸೆಸರ್ ಬದಲಾದರೆ ಆ ಬೀಗದ ಕೈ ಹೋಯ್ತು. ಆನ್ ಇದ್ದರೆ ಬಂದ್ ಮಾಡಿ ಡಿಕ್ರಿಪ್ಟ್ ಪೂರ್ತಿ ಆಗುವ ತನಕ ಕಾಯಿರಿ, ಇಲ್ಲಾ ಮೈಕ್ರೊಸಾಫ್ಟ್ ಖಾತೆಯಲ್ಲಿರುವ 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರೆದಿಡಿ.

ಈಗ ಬಿಚ್ಚುವುದು. ಕೂಲರಿನ ಕೆಳಗಿನ ಪೇಸ್ಟ್ ಇಷ್ಟು ವರ್ಷಕ್ಕೆ ಒಣಗಿ ಅಂಟಿನಂತೆ ಹಿಡಿದಿರುತ್ತೆ. ತಣ್ಣಗಿದ್ದಾಗ ಕೂಲರನ್ನು ನೇರ ಮೇಲಕ್ಕೆ ಜಗ್ಗಿದರೆ ಲೀವರ್ ಮುಚ್ಚಿದ್ದರೂ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತು ಅದರ ಜೊತೆ ಬರುತ್ತೆ, ಪಿನ್ ಸೊಟ್ಟ. ಎಎಂ4ರಲ್ಲಿ ಮೇಲಿಂದ ಹಿಡಿಯುವ ಚೌಕಟ್ಟೇ ಇಲ್ಲ. ಅದಕ್ಕೆ ಒಂದು 10 ನಿಮಿಷ ಗೇಮ್ ಓಡಿಸಿ ಬಿಸಿ ಮಾಡಿ, ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ ಅಡ್ಡ ಮಲಗಿಸಿ. ಫ್ಯಾನ್ ವೈರ್ ತೆಗೆಯಿರಿ. ನಿಮ್ಮ ಕೂಲರಿಗೆ ಸ್ಪ್ರಿಂಗ್ ಇರುವ ನಾಲ್ಕು ಸ್ಕ್ರೂ ಇವೆ. ಒಂದನ್ನು ಎರಡು ಸುತ್ತು, ಎದುರು ಮೂಲೆಯದು ಎರಡು ಸುತ್ತು, ಹೀಗೆ ಅದಲು ಬದಲು ಸಡಿಲ ಮಾಡಿ. ಬೋರ್ಡಿನ ಹಿಂದಿನ ಕಬ್ಬಿಣದ ಪಟ್ಟಿ ಸಡಿಲಾಗಿ ಜಾರಬಹುದು, ಹಿಂದಿನಿಂದ ಬೆರಳು ಒತ್ತಿ ಹಿಡಿಯಿರಿ. ಆಮೇಲೆ ಕೂಲರನ್ನು ಎತ್ತದೆ ಎಡಕ್ಕೆ ಬಲಕ್ಕೆ ಹಗುರಾಗಿ ತಿರುಚಿ. ಪೇಸ್ಟ್ ಬಿಟ್ಟಿದ್ದು ಕೈಗೆ ಗೊತ್ತಾಗುತ್ತೆ, ಜಾರಲು ಶುರುವಾಗುತ್ತೆ. ಆಗ ಎತ್ತಿ.

ಪಕ್ಕದ ಲೀವರ್ ಪೂರ್ತಿ ಎತ್ತಿದರೆ 2600 ಸಲೀಸಾಗಿ ಬರುತ್ತೆ. 5600ರ ಒಂದು ಮೂಲೆಯಲ್ಲಿ ಬಂಗಾರದ ಬಣ್ಣದ ತ್ರಿಕೋನ, ಸಾಕೆಟ್ಟಿನ ಒಂದು ಮೂಲೆಯಲ್ಲೂ ಅದೇ ಗುರುತು. ಎರಡನ್ನೂ ಕೂಡಿಸಿ ಸುಮ್ಮನೆ ಬಿಟ್ಟರೆ ತನ್ನ ಭಾರಕ್ಕೇ ಕೂರುತ್ತೆ. ಕೂರಲಿಲ್ಲ ಅಂದರೆ ಒತ್ತಬೇಡಿ, ಎತ್ತಿ ಮತ್ತೆ ನೋಡಿ. ಕೂತ ಮೇಲೆ ಬೆರಳಿನಿಂದ ಮೆಲ್ಲಗೆ ಹಿಡಿದು ಲೀವರ್ ಇಳಿಸಿ.

5600ರ ಡಬ್ಬಿಯಲ್ಲಿ ಬರುವ ಕೂಲರಿನ ಅಡಿಗೆ ಪೇಸ್ಟ್ ಹಚ್ಚಿಯೇ ಇರುತ್ತೆ, ಬೆರಳು ತಾಗಿಸಬೇಡಿ, ಮೇಲೆ ಇನ್ನೊಂದು ಪದರ ಬೇಡ. ಬೇರೆ ಕೂಲರ್ ಆದರೆ ನಡುವೆ ಒಂದು ಬಟಾಣಿ ಕಾಳಿನಷ್ಟು ಸಾಕು. ಸ್ಕ್ರೂ ಮತ್ತೆ ಮೂಲೆಯಿಂದ ಮೂಲೆಗೆ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಎದುರಿನದು ದಾರಕ್ಕೆ ಸಿಗೋದಿಲ್ಲ. ಫ್ಯಾನ್ ವೈರ್ ಸಿಪಿಯು ಫ್ಯಾನ್ ಅಂತ ಬರೆದ ಪಿನ್ನಿಗೇ ಹಾಕಿ.

ಮೊದಲ ಸಲ ಆನ್ ಮಾಡಿದಾಗ ಪರದೆ ಎರಡು ಮೂರು ನಿಮಿಷ ಕಪ್ಪಗೇ ಇರಬಹುದು, ತಾನೇ ಒಂದೆರಡು ಸಲ ಬಂದ್ ಆಗಿ ಚಾಲೂ ಆಗಬಹುದು. ರ‍್ಯಾಮ್ ಹೊಂದಿಸಿಕೊಳ್ಳುತ್ತಿರುತ್ತೆ. ಐದು ನಿಮಿಷ ದಾಟಿದರೆ ಪ್ಲಗ್ ಕಿತ್ತು, ದುಂಡನೆಯ ಬ್ಯಾಟರಿ ಐದು ನಿಮಿಷ ತೆಗೆದಿಟ್ಟು, ಒಂದೇ ಸ್ಟಿಕ್ ಹಾಕಿ ನೋಡಿ. ವಿಂಡೋಸ್ ಹೊಸದಾಗಿ ಹಾಕುವ ಅಗತ್ಯ ಇಲ್ಲ. ಎಎಂಡಿ ಪುಟದಿಂದ ಚಿಪ್‌ಸೆಟ್ ಡ್ರೈವರ್ ಒಂದು ಹಾಕಿ.

ಪವರ್ ಸಪ್ಲೈ ಬದಲಿಸಬೇಡಿ. 5600 ಹೆಚ್ಚೆಂದರೆ 76 ವ್ಯಾಟ್ ಎಳೆಯುತ್ತೆ, ಆರ್‌ಎಕ್ಸ್ 6600 ಕಾರ್ಡ್ 132 ವ್ಯಾಟಿನದು. ಉಳಿದದ್ದೆಲ್ಲ ಕೂಡಿಸಿದರೂ 300ರ ಆಸುಪಾಸು.

ಬೆಟಗೇರಿ ಪ್ಲೇಯರ್

ಎಲ್ಲಾರಿಗೂ ಶರಣ್ರಿ. ಬಯೋಸ್ ಹಾಕಿದೆ, 5600 ಕೂಡ್ಸಿದೆ, 8-8ರ ಕಿಟ್ಟೂ ಹಾಕಿದೆ. ಈಗ ಮೂರು ಪ್ರಶ್ನೆ. ಆನ್ ಮಾಡಿದ ಕೂಡ್ಲೇ ಹೊಸಾ ಪ್ರೊಸೆಸರ್ ಬಂದೈತಿ, ಎಫ್‌ಟಿಪಿಎಂ ರೀಸೆಟ್ ಮಾಡಾಕ ವೈ ಒತ್ತು, ಬ್ಯಾಡಂದ್ರ ಎನ್ ಒತ್ತು ಅಂತ ಬಂದೈತಿ, ಏನ ಒತ್ತಲಿ? ಎನ್ ಒತ್ತಿ ಒಳಗ ಹೋದ್ರ ವ್ಯಾಲೊರಂಟ್ ವ್ಯಾನ್ 9001 ಎರರ್ ಅಂತ ಹೇಳಿ ತೆರೀವಲ್ದು. ಮತ್ತ ಸಿಎಸ್2 ಆಡೂಮುಂದ 84 ಡಿಗ್ರಿ ತೋರಸ್ತೈತಿ, ಖೋಲ್ಯಾಗ ಫ್ಯಾನ್ ಒಂದ ಐತಿ, ಏಪ್ರಿಲ್ ಬ್ಯಾರೆ.

ಗೋಕುಲ ರೋಡ್ ಬೆಂಚ್

ಎನ್‌ಕ್ರಿಪ್ಷನ್ ಬಂದ್ ಆಗಿದ್ದರೆ ವೈ ಒತ್ತಿ. ಎನ್ ಒತ್ತಿದರೆ ಹಳೇ ಬೀಗದ ಕೈ ಹಾಗೇ ಉಳಿದು ಹೊಸ ಪ್ರೊಸೆಸರಿನಲ್ಲಿ ಟಿಪಿಎಂ ಚಾಲೂ ಆಗೋದಿಲ್ಲ. 2600 ವಾಪಸ್ ಹಾಕುವವರಿಗೆ ಮಾತ್ರ ಎನ್. ವೈ ಒತ್ತಿದರೆ ವಿಂಡೋಸ್ ಪಿನ್ ಮತ್ತೆ ಹೊಸದಾಗಿ ಕೇಳಬಹುದು, ಖಾತೆಯ ಪಾಸ್‌ವರ್ಡ್ ನೆನಪಿರಲಿ.

9001 ಬರೋದು ಅದಕ್ಕೇ. ವಿಂಡೋಸ್ 11ರಲ್ಲಿ ವ್ಯಾಲೊರಂಟ್‌ಗೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ (ಸಹಿ ಇರುವ ಸಾಫ್ಟ್‌ವೇರನ್ನಷ್ಟೇ ಬೂಟ್ ಮಾಡುವ ಕಾವಲು) ಎರಡೂ ಬೇಕು, ಬಯೋಸ್ ಅಪ್ಡೇಟ್ ನಿಮ್ಮ ಹಳೇ ಸೆಟ್ಟಿಂಗ್ ಎಲ್ಲ ಅಳಿಸಿದೆ. ಬಯೋಸಿನಲ್ಲಿ ಎಎಂಡಿ ಎಫ್‌ಟಿಪಿಎಂ ಆನ್ ಮಾಡಿ, ಸಿಎಸ್‌ಎಂ (ಹಳೇ ಬಯೋಸ್ ಮಾದರಿಯ ಬೂಟ್) ಬಂದ್ ಮಾಡಿ ಸೇವ್ ಮಾಡಿ ಮತ್ತೆ ಬನ್ನಿ, ಆಗ ಸೆಕ್ಯೂರ್ ಬೂಟ್ ಮೆನು ಕಾಣುತ್ತೆ. ಆನ್ ಮಾಡಿದರೂ ನಾಟ್ ಆಕ್ಟಿವ್ ಅಂತ ಇದ್ದರೆ ಅಲ್ಲೇ ಫ್ಯಾಕ್ಟರಿ ಕೀ ಮರುಸ್ಥಾಪಿಸಿ. ಸಿಎಸ್‌ಎಂ ಬಂದ್ ಮಾಡಿದ ಮೇಲೆ ವಿಂಡೋಸ್ ಬೂಟ್ ಆಗಲಿಲ್ಲ ಅಂದರೆ ನಿಮ್ಮ ಡಿಸ್ಕ್ ಎಂಬಿಆರ್ ಎಂಬ ಹಳೇ ವಿಭಜನೆ ಮಾದರಿಯದು. ಗಾಬರಿ ಬೇಡ, ಸಿಎಸ್‌ಎಂ ಮತ್ತೆ ಆನ್ ಮಾಡಿ ಒಳಗೆ ಹೋಗಿ, ಬ್ಯಾಕಪ್ ತಗೊಂಡು ವಿಂಡೋಸ್‌ನದೇ ಎಂಬಿಆರ್2ಜಿಪಿಟಿ ಟೂಲಿನಿಂದ ಹೊಸ ಜಿಪಿಟಿ ಮಾದರಿಗೆ ಬದಲಿಸಿ. ಸಿಎಸ್‌ಎಂ ಬಂದ್ ಆದರೆ ರೀಸೈಜೆಬಲ್ ಬಾರ್ (ಪ್ರೊಸೆಸರ್ ಕಾರ್ಡಿನ ಪೂರ್ತಿ ಮೆಮೊರಿಯನ್ನು ಒಮ್ಮೆಗೇ ಮುಟ್ಟುವುದು) ಕೂಡ ಆನ್ ಮಾಡಬಹುದು, ಆರ್‌ಎಕ್ಸ್ 6600ಕ್ಕೆ ಅದು ಒಳ್ಳೇದು. ಎಕ್ಸ್‌ಎಂಪಿ ಕೂಡ ಅಳಿಸಿರುತ್ತೆ, ಮತ್ತೆ ಹಾಕಿ.

ಸಾಧನಕೇರಿ, ಧಾರವಾಡ

84ಕ್ಕ ಹೆದರಬ್ಯಾಡ್ರಿ, 5600ರ ಮಿತಿ 90 ಡಿಗ್ರಿ. ಅದಕ್ಕ ಮುಟ್ಟಿದ್ರೂ ಸುಡೂದಿಲ್ಲ, ವೇಗ ತಾನ ಇಳಿಸ್ಕೋತದ. ಆದರ ಆಗ ನೀವು ರೊಕ್ಕ ಕೊಟ್ಟ ವೇಗ ಸಿಗೂದಿಲ್ಲ. ಮೇ ತಿಂಗಳದಾಗ ಖೋಲಿ ಜಳ ಏರಿದಷ್ಟೂ ಇದೂ ಏರ್ತದ.

ಮೊದಲ ಕ್ಯಾಬಿನೆಟ್ಟಿನ ಮುಂದಿನ ಜಾಳಿಗೆ ಬಿಚ್ಚಿ ಧೂಳ ತಗೀರಿ. ನಮ್ಮ ಕಡೆ ಎರಿ ಮಣ್ಣಿನ ಧೂಳ ಹಿಟ್ಟಿನಂಗ ಸಣ್ಣದು, ಫ್ಯಾನಿನ ರೆಕ್ಕಿಗೆ, ಹೀಟ್‌ಸಿಂಕಿನ ಸಂದಿಗೆ ಮೆತ್ತಿಕೊಳ್ತದ. ಬ್ಲೋವರ್ ಹೊಡಿಯೂಮುಂದ ಫ್ಯಾನ್ ರೆಕ್ಕಿ ಬೆರಳಿಂದ ಹಿಡಕೋರಿ, ಗರಗರ ತಿರುಗಿಸಿ ಆಟ ಆಡಬ್ಯಾಡ್ರಿ, ಬೇರಿಂಗ್ ಹೋಗ್ತದ. ಮುಂದ ಒಂದು ಫ್ಯಾನ್ ಒಳಕ್ಕ, ಹಿಂದ ಒಂದು ಹೊರಕ್ಕ ಇರಬೇಕು. ಅಷ್ಟಕ್ಕೂ ಇಳೀಲಿಲ್ಲ ಅಂದ್ರ 120 ಮಿ.ಮೀ. ಫ್ಯಾನಿನ ಟವರ್ ಕೂಲರ್ ಹಾಕ್ರಿ. ಅವು 150ರಿಂದ 160 ಮಿ.ಮೀ. ಎತ್ತರ ಇರ್ತಾವ, ಪ್ರೊಸೆಸರ್‌ನಿಂದ ಬದಿಯ ಗಾಜಿನತನಕ ಸ್ಕೇಲ್ ಹಿಡಿದು ಅಳೆದು ಆಮ್ಯಾಲ ತಗೋರಿ.

ರೊಕ್ಕ ಇಲ್ಲದ ದಾರಿ ಕರ್ವ್ ಆಪ್ಟಿಮೈಜರ್. ಬಯೋಸ್‌ನ ಎಎಂಡಿ ಓವರ್‌ಕ್ಲಾಕಿಂಗ್ ಒಳಗ ಪಿಬಿಒ (ಬೂಸ್ಟ್ ಸೆಟ್ಟಿಂಗ್) ಅಡ್ವಾನ್ಸ್ಡ್ ಮಾಡಿದ್ರ ಕಾಣ್ತದ. ಆಲ್ ಕೋರ್, ನೆಗೆಟಿವ್, 15 ಹಾಕ್ರಿ. ವೋಲ್ಟೇಜ್ ಕಡಿಮಿ ಆಗಿ ಅದ ವೇಗಕ್ಕ ಕಡಿಮಿ ಕಾಯ್ತದ. ಸ್ಟ್ರೆಸ್ ಟೆಸ್ಟ್ ಪಾಸ್ ಆತು ಅಂತ ಸುಮ್ನಾಗಬ್ಯಾಡ್ರಿ. ಇದು ಸರಿ ಕೂಡದಿದ್ರ ಬೀಳೋದು ಹೊರೆ ಇದ್ದಾಗಲ್ಲ, ಖಾಲಿ ಕುಂತಾಗ, ಬ್ರೌಸರ್ ನೋಡೂಮುಂದ ಧಿಡೀರನ ರೀಸ್ಟಾರ್ಟ್ ಆಗ್ತದ. ಈವೆಂಟ್ ವ್ಯೂವರ್‌ದಾಗ ವೀಯಾ (WHEA) ಲಾಗರ್ 18 ಅಂತ ಹಾರ್ಡ್‌ವೇರ್ ದೋಷದ ದಾಖಲೆ ಕಂಡ್ರ ಆ 15ನ್ನ 10ಕ್ಕ ಇಳಿಸ್ರಿ.

ಉಣಕಲ್ ದಂಡಿ

ಹಳೇ 2600ನ್ನ 5600ರ ಜೋಡಿ ಬಂದ ಪ್ಲಾಸ್ಟಿಕ್ ಚಿಪ್ಪಿನ್ಯಾಗ ಪಿನ್ ಕೆಳಗ ಮಾಡಿ ಇಡ್ರಿ, ಪೇಸ್ಟ್ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಲಗೂನ ಮಾರಬ್ಯಾಡ್ರಿ. 5600 ವಾರಂಟಿಗೆ ಕಳಸೋ ಪ್ರಸಂಗ ಬಂದ್ರ ಪಿಸಿ ನಡಸಾಕ ಅದ ಬೇಕು. ಮಾರೂಮುಂದ ಯಾರಿಗೆ ಕೊಟ್ರೂ ಅವರ ಬೋರ್ಡ್ ಹೆಸರು ಕೇಳಿಕೊಡ್ರಿ, ಎ520 ಮತ್ತ ಬಿ550 ಬೋರ್ಡಿಗೆ 2600 ಅಧಿಕೃತವಾಗಿ ಬರೂದಿಲ್ಲ.